ಜಾತಕದ ರಾಜಯೋಗ ಮತ್ತು ಸ್ವಪ್ರಯತ್ನ: ಯೋಗವನ್ನು ಗುರುತಿಸಿ, ತೂಗಿ, ಕೆಲಸಕ್ಕೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಜಾತಕ ತೋರಿಸಿದವರಿಗೆ ಜ್ಯೋತಿಷಿಗಳಿಂದ ಬಹಳ ಸಲ ಸಿಗುವ ಮಾತು ‘ನಿಮಗೆ ರಾಜಯೋಗವಿದೆ’, ಅಂದರೆ ಏಳಿಗೆಯನ್ನು ಸೂಚಿಸುವ ಗ್ರಹಗಳ ವಿಶೇಷ ಜೋಡಣೆ ಇದೆ, ಎಂಬುದು. ಆ ಮಾತನ್ನು ಕೇಳಿ ಸಂತೋಷಪಟ್ಟವರು ಅನೇಕರು. ಅದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿದವರು ಕೆಲವರು ಮಾತ್ರ. ಯೋಗವೆಂದರೆ ತಾನಾಗಿಯೇ ಬಂದು ಬಾಗಿಲು ತಟ್ಟುವ ಭಾಗ್ಯವೆಂದು ನಂಬಿ ಕಾಯುತ್ತಾ ಕುಳಿತವರೂ ಇದ್ದಾರೆ, ಯೋಗವಿಲ್ಲವೆಂಬ ಒಂದೇ ಮಾತಿಗೆ ಕೈಚೆಲ್ಲಿದವರೂ ಇದ್ದಾರೆ. ಇಬ್ಬರೂ ಶಾಸ್ತ್ರವನ್ನು ಅರ್ಧ ಮಾತ್ರ ಕೇಳಿಸಿಕೊಂಡಿದ್ದಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜ್ಯೋತಿಷದ ಒಳಗಿನ ತರ್ಕವನ್ನೇ ಹಿಡಿದು ಹೋದರೂ ಯೋಗವು ಫಲದ ಖಾತರಿಯಾಗುವುದಿಲ್ಲ. ಯಾವ ಕ್ಷೇತ್ರದಲ್ಲಿ, ಯಾವ ಕಾಲದಲ್ಲಿ, ಯಾವ ಬಗೆಯ ಶ್ರಮ ಹೆಚ್ಚು ಫಲಿಸಬಹುದು ಎಂಬ ಸೂಚನೆಯಷ್ಟೇ ಆಗುತ್ತದೆ. ಆ ಸೂಚನೆಯನ್ನು ಓದುವ ಕ್ರಮವನ್ನು ಹಂತ ಹಂತವಾಗಿ ಇಲ್ಲಿ ವಿವರಿಸಿದ್ದೇನೆ.

ಮೊದಲ ಹಂತ: ಕುಂಡಲಿ ಸರಿಯಿದೆಯೇ ಎಂದು ನೋಡಿಕೊಳ್ಳುವುದು

ಜನ್ಮದಿನಾಂಕ, ಸಮಯ ಮತ್ತು ಸ್ಥಳ ಸರಿಯಿಲ್ಲದಿದ್ದರೆ ಮುಂದಿನ ಹಂತಗಳಿಗೆ ಅರ್ಥವಿಲ್ಲ. ಲಗ್ನವು, ಅಂದರೆ ಪೂರ್ವ ದಿಗಂತದಲ್ಲಿ ಉದಯಿಸುವ ಬಿಂದುವು, ಸ್ಥೂಲವಾಗಿ ಎರಡು ಗಂಟೆಗೊಮ್ಮೆ ರಾಶಿ ಬದಲಿಸುತ್ತದೆ, ಸುಮಾರು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಹುಟ್ಟಿದ ಸಮಯದಲ್ಲಿ ಅರ್ಧ ಗಂಟೆಯ ಅನುಮಾನವಿದ್ದು, ಲಗ್ನವು ರಾಶಿಯ ಅಂಚಿನಲ್ಲಿದ್ದರೆ ಲಗ್ನದಿಂದ ಎಣಿಸುವ ಹನ್ನೆರಡು ಭಾವಗಳ (ಮನೆಗಳ) ಒಡೆಯರಾದ ಎಲ್ಲ ಭಾವಾಧಿಪತಿಗಳೂ ಬದಲಾಗುತ್ತಾರೆ. ಆಗ ಎರಡೂ ಲಗ್ನಗಳ ಕುಂಡಲಿಯನ್ನು ಹಾಕಿ, ಈವರೆಗೆ ನಡೆದ ಮುಖ್ಯ ಘಟನೆಗಳು ಯಾವುದಕ್ಕೆ ಹೊಂದುತ್ತವೆ ಎಂದು ಪರಿಶೀಲಿಸಬೇಕು. ತಂತ್ರಾಂಶದಲ್ಲಿ ಯಾವ ಅಯನಾಂಶ (ರಾಶಿಚಕ್ರದ ಆರಂಭಬಿಂದುವನ್ನು ಹೊಂದಿಸುವ ತಿದ್ದುಪಡಿ) ಆಯ್ಕೆಯಾಗಿದೆ ಎಂಬುದನ್ನೂ ನೋಡಿ. ಇಂದು ಹೆಚ್ಚು ಬಳಕೆಯಲ್ಲಿರುವುದು ಲಾಹಿರಿ ಅಯನಾಂಶ. ಗ್ರಹವು ರಾಶಿಯ ಕೊನೆಯ ಅಥವಾ ಮೊದಲ ಡಿಗ್ರಿಯಲ್ಲಿದ್ದಾಗ ಅಯನಾಂಶ ಬದಲಾದರೆ ಗ್ರಹದ ರಾಶಿಯೂ ಬದಲಾಗಿ, ಇದ್ದ ಯೋಗ ಮಾಯವಾಗಬಹುದು.

ಎರಡನೆಯ ಹಂತ: ಯೋಗವನ್ನು ಲಕ್ಷಣದಿಂದ ಗುರುತಿಸುವುದು, ಹೆಸರಿನಿಂದಲ್ಲ

ಹೆಸರು ಕೇಳಿದ ಕೂಡಲೇ ಮನಸ್ಸು ಫಲಕ್ಕೆ ಹಾರುತ್ತದೆ. ಆದ್ದರಿಂದ ಪ್ರತಿಯೊಂದು ಯೋಗದ ಲಕ್ಷಣವನ್ನು ಮೊದಲು ಬರೆದುಕೊಂಡು, ನಿಮ್ಮ ಕುಂಡಲಿಯಲ್ಲಿ ಅದು ಪೂರ್ಣವಾಗಿ ಇದೆಯೇ ಎಂದು ಕೈಯಾರೆ ಎಣಿಸಿ ನೋಡಿ.

ಪಂಚ ಮಹಾಪುರುಷ ಯೋಗಗಳಲ್ಲಿ ಕುಜನಿಂದ ರುಚಕ, ಬುಧನಿಂದ ಭದ್ರ, ಗುರುವಿನಿಂದ ಹಂಸ, ಶುಕ್ರನಿಂದ ಮಾಲವ್ಯ, ಶನಿಯಿಂದ ಶಶ ಯೋಗ ಉಂಟಾಗುತ್ತದೆ. ಆಯಾ ಗ್ರಹವು ಸ್ವಕ್ಷೇತ್ರದಲ್ಲಿ (ತಾನೇ ಒಡೆಯನಾದ ರಾಶಿಯಲ್ಲಿ) ಅಥವಾ ಉಚ್ಚ ರಾಶಿಯಲ್ಲಿ (ಅತಿ ಬಲ ಪಡೆಯುವ ರಾಶಿಯಲ್ಲಿ) ಇದ್ದು, ಆ ರಾಶಿಯು ಲಗ್ನದಿಂದ 1, 4, 7 ಅಥವಾ 10ನೆಯ ಭಾವ, ಅಂದರೆ ಕೇಂದ್ರ, ಆಗಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಯೋಗವಿಲ್ಲ. ಗಜಕೇಸರಿಗೆ ಚಂದ್ರನಿಂದ ಕೇಂದ್ರದಲ್ಲಿ ಗುರು ಇರಬೇಕು. ಕೇಂದ್ರಾಧಿಪತಿ ಮತ್ತು ತ್ರಿಕೋಣಾಧಿಪತಿಗಳ (1, 5, 9ನೆಯ ಭಾವಗಳ ಒಡೆಯರ) ಸಂಬಂಧದಿಂದ ರಾಜಯೋಗ ಹುಟ್ಟುತ್ತದೆ. ಅವುಗಳಲ್ಲಿ ಒಂಬತ್ತು ಮತ್ತು ಹತ್ತನೆಯ ಅಧಿಪತಿಗಳು ಸೇರುವ ಧರ್ಮಕರ್ಮಾಧಿಪತಿ ಯೋಗಕ್ಕೆ ಹಿರಿಯ ಸ್ಥಾನವಿದೆ. ಕೆಲವು ಲಗ್ನಗಳಿಗೆ ಒಂದೇ ಗ್ರಹ ಕೇಂದ್ರಕ್ಕೂ ತ್ರಿಕೋಣಕ್ಕೂ ಒಡೆಯನಾಗಿ ಯೋಗಕಾರಕನಾಗುತ್ತಾನೆ: ವೃಷಭ ಮತ್ತು ತುಲಾ ಲಗ್ನಗಳಿಗೆ ಶನಿ, ಕಟಕ ಮತ್ತು ಸಿಂಹ ಲಗ್ನಗಳಿಗೆ ಕುಜ, ಮಕರ ಮತ್ತು ಕುಂಭ ಲಗ್ನಗಳಿಗೆ ಶುಕ್ರ. ಆರು, ಎಂಟು, ಹನ್ನೆರಡನೆಯ ಅಧಿಪತಿಗಳು ಆ ದುಃಸ್ಥಾನಗಳಲ್ಲೇ ಇದ್ದರೆ ವಿಪರೀತ ರಾಜಯೋಗವೆನ್ನುತ್ತಾರೆ. ನೀಚಗ್ರಹ (ಅತಿ ದುರ್ಬಲನಾಗುವ ರಾಶಿಯಲ್ಲಿರುವ ಗ್ರಹ) ಇರುವ ರಾಶಿಯ ಅಧಿಪತಿ ಕೇಂದ್ರದಲ್ಲಿರುವುದೇ ಮೊದಲಾದ ಕಾರಣಗಳಿಂದ ನೀಚತ್ವ ಕಳೆದರೆ ಅದು ನೀಚಭಂಗ. ಕೊನೆಯ ಈ ಎರಡನ್ನು ಅವಸರದಲ್ಲಿ ಘೋಷಿಸಬಾರದು. ಎರಡೂ ಕಷ್ಟದ ದಾರಿಯ ನಂತರ ಬರುವ ಏಳಿಗೆಯನ್ನು ಹೇಳುತ್ತವೆ, ಕಷ್ಟವಿಲ್ಲದ ಏಳಿಗೆಯನ್ನಲ್ಲ.

ಮೂರನೆಯ ಹಂತ: ಯೋಗ ಎಷ್ಟು ಜನರಿಗಿದೆ ಎಂದು ಲೆಕ್ಕ ಹಾಕುವುದು

ಈ ಹಂತವನ್ನು ಬಹಳಷ್ಟು ಜನ ಬಿಟ್ಟುಬಿಡುತ್ತಾರೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ, ಏಕೆಂದರೆ ಪ್ರಯತ್ನದ ಮಹತ್ವ ಮೊದಲು ಗೋಚರಿಸುವುದು ಇಲ್ಲಿಯೇ.

ಗಜಕೇಸರಿಯನ್ನು ತೆಗೆದುಕೊಳ್ಳಿ. ಚಂದ್ರನು ಸುಮಾರು 27 ದಿನಗಳಲ್ಲಿ ಹನ್ನೆರಡು ರಾಶಿಗಳನ್ನು ಸುತ್ತುತ್ತಾನೆ. ಆ ಹನ್ನೆರಡರಲ್ಲಿ ನಾಲ್ಕು ರಾಶಿಗಳಲ್ಲಿದ್ದಾಗ ಗುರುವು ಅವನಿಂದ ಕೇಂದ್ರದಲ್ಲಿ ಬೀಳುತ್ತಾನೆ. ಅಂದರೆ ಹುಟ್ಟುವ ಪ್ರತಿ ಮೂರು ಮಕ್ಕಳಲ್ಲಿ ಒಂದಕ್ಕೆ, ಲಕ್ಷಣಮಾತ್ರದಿಂದ, ಗಜಕೇಸರಿ ಇರುತ್ತದೆ. ರವಿ ಮತ್ತು ಬುಧ ಒಂದೇ ರಾಶಿಯಲ್ಲಿದ್ದಾಗ ಆಗುವ ಬುಧಾದಿತ್ಯವೂ ಹಾಗೆಯೇ: ಬುಧನು ರವಿಯಿಂದ 28 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲವಾದ್ದರಿಂದ ಇಬ್ಬರೂ ಒಂದೇ ರಾಶಿಯಲ್ಲಿರುವುದು ತೀರಾ ಸಾಮಾನ್ಯ.

ಅಪರೂಪವೆಂದು ಹೆಸರಾದ ಮಹಾಪುರುಷ ಯೋಗಗಳಿಗೂ ಈ ಲೆಕ್ಕ ತಪ್ಪದು. 2014ರ ಜೂನ್ ಮೂರನೆಯ ವಾರದಿಂದ ನವೆಂಬರ್ ಆರಂಭದವರೆಗೆ ಗುರುವು ಕಟಕದಲ್ಲಿ ಉಚ್ಚನಾಗಿದ್ದನು, ಶನಿಯು ತುಲೆಯಲ್ಲಿ ಉಚ್ಚನಾಗಿದ್ದನು. ಕಟಕ ಮತ್ತು ತುಲೆ ಪರಸ್ಪರ ಕೇಂದ್ರ ರಾಶಿಗಳಾದ್ದರಿಂದ ಆ ನಾಲ್ಕೂವರೆ ತಿಂಗಳುಗಳಲ್ಲಿ ಪ್ರತಿದಿನ ಮೇಷ, ಕಟಕ, ತುಲಾ, ಮಕರ ಲಗ್ನಗಳು ಉದಯಿಸಿದಾಗಲೆಲ್ಲ ಹಂಸಯೋಗ ಮತ್ತು ಶಶಯೋಗ ಎರಡೂ ಒಟ್ಟಿಗೆ ಕೂಡಿಬಂದವು. ದಿನದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಸುಮಾರು ಎಂಟು ಗಂಟೆ, ಜಗತ್ತಿನ ಎಲ್ಲ ಕಡೆ! ಆ ಅವಧಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗಕ್ಕೆ ಎರಡೆರಡು ಮಹಾಪುರುಷ ಯೋಗಗಳಿವೆ. ಅವರೆಲ್ಲರೂ ರಾಜಸಮಾನರಾಗುವುದಿಲ್ಲವೆಂದು ಹೇಳಲು ಜ್ಯೋತಿಷ ಬೇಕಾಗಿಲ್ಲ. ಹಾಗಾದರೆ ಒಂದೇ ಯೋಗವಿರುವವರ ನಡುವೆ ಅಂತರವನ್ನು ಉಂಟುಮಾಡುವುದು ಯಾವುದು? ಮುಂದಿನ ಮೂರು ಹಂತಗಳು ಇದಕ್ಕೆ ಜಾತಕದ ಒಳಗಿನಿಂದ ಉತ್ತರ ಹುಡುಕುತ್ತವೆ. ಆಮೇಲೂ ಉಳಿಯುವ ಅಂತರಕ್ಕೆ ಉತ್ತರ ಜಾತಕದ ಹೊರಗಿದೆ.

ನಾಲ್ಕನೆಯ ಹಂತ: ಯೋಗವನ್ನು ಉಂಟುಮಾಡುವ ಗ್ರಹ ಯಾವ ಭಾವಗಳ ಒಡೆಯ ಎಂದು ನೋಡುವುದು

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ನಾಲ್ಕು ಲಗ್ನಗಳಿಗೂ ಅದೇ ಉಚ್ಚ ಗುರು, ಅದೇ ಉಚ್ಚ ಶನಿ. ಶನಿಯ ಹತ್ತನೆಯ ದೃಷ್ಟಿ (ತಾನಿರುವಲ್ಲಿಂದ ಹತ್ತನೆಯ ರಾಶಿಯ ಮೇಲಿನ ಪ್ರಭಾವ) ಗುರುವಿನ ಮೇಲೆ ಬೀಳುವುದೂ ನಾಲ್ಕಕ್ಕೂ ಸಮಾನ. ಆದರೆ ಫಲದ ದಿಕ್ಕು ಬೇರೆ ಬೇರೆ.

ಮೇಷ ಲಗ್ನಕ್ಕೆ ಗುರು 9 ಮತ್ತು 12ರ ಅಧಿಪತಿಯಾಗಿ ನಾಲ್ಕರಲ್ಲಿರುತ್ತಾನೆ, ಶನಿ 10 ಮತ್ತು 11ರ ಅಧಿಪತಿಯಾಗಿ ಏಳರಲ್ಲಿರುತ್ತಾನೆ. ವಿದ್ಯೆ ಮತ್ತು ಮನೆಯ ಬುನಾದಿಯಿಂದ ಭಾಗ್ಯ, ಪಾಲುದಾರಿಕೆ ಮತ್ತು ಜನಸಂಪರ್ಕದಿಂದ ವೃತ್ತಿ ಎಂದು ಅದನ್ನು ಓದುತ್ತೇವೆ. ಕಟಕ ಲಗ್ನಕ್ಕೆ ಗುರು 6 ಮತ್ತು 9ರ ಅಧಿಪತಿಯಾಗಿ ಲಗ್ನದಲ್ಲೇ ನಿಲ್ಲುತ್ತಾನೆ. ಧರ್ಮಬುದ್ಧಿಯೂ ಎದುರಾಳಿಗಳನ್ನು ಎದುರಿಸುವ ಪ್ರಸಂಗವೂ ಒಬ್ಬನ ವ್ಯಕ್ತಿತ್ವಕ್ಕೇ ಅಂಟಿಕೊಳ್ಳುತ್ತವೆ. ಶನಿ ಅಲ್ಲಿ 7 ಮತ್ತು 8ರ ಒಡೆಯನಾಗಿ ನಾಲ್ಕರಲ್ಲಿದ್ದು, ಉಚ್ಚನಾದರೂ ಗೃಹಸುಖವನ್ನು ಸುಲಭವಾಗಿ ಕೊಡುವವನಲ್ಲ. ಮಕರ ಲಗ್ನಕ್ಕೆ ಶನಿ ಲಗ್ನಾಧಿಪತಿ ಮತ್ತು ಧನಾಧಿಪತಿಯಾಗಿ (1 ಮತ್ತು 2ರ ಒಡೆಯನಾಗಿ) ಕರ್ಮಸ್ಥಾನವಾದ ಹತ್ತರಲ್ಲಿರುತ್ತಾನೆ, ಗುರು 3 ಮತ್ತು 12ರ ಅಧಿಪತಿಯಾಗಿ ಏಳರಲ್ಲಿರುತ್ತಾನೆ.

ತುಲಾ ಲಗ್ನದ ಜಾತಕ ನನಗೆ ಇವೆಲ್ಲಕ್ಕಿಂತ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಅಲ್ಲಿ ಶನಿ 4 ಮತ್ತು 5ರ ಒಡೆಯನಾದ ಯೋಗಕಾರಕ, ಲಗ್ನದಲ್ಲೇ ಉಚ್ಚ. ಗುರುವಾದರೋ ಮೂರು ಮತ್ತು ಆರರ ಅಧಿಪತಿ, ಅಂದರೆ ಆ ಲಗ್ನಕ್ಕೆ ಶುಭನೆಂದು ಎಣಿಸದ ಗ್ರಹ, ಹತ್ತರಲ್ಲಿ ಉಚ್ಚನಾಗಿದ್ದಾನೆ. ಮೂರನೆಯದು ಪರಾಕ್ರಮ ಸ್ಥಾನ, ಆರನೆಯದು ದುಡಿಮೆ ಮತ್ತು ಪೈಪೋಟಿಯ ಸ್ಥಾನ. ಇವೆರಡರ ಒಡೆಯ ಕರ್ಮಸ್ಥಾನದಲ್ಲಿ ಬಲಿಷ್ಠನಾಗಿ ಕುಳಿತರೆ ‘ಹಂಸಯೋಗವಿದೆ, ಆದ್ದರಿಂದ ಪೂಜ್ಯನಾಗುತ್ತಾನೆ’ ಎಂದು ನಿಲ್ಲಿಸುವುದು ಓದಿನ ಸೋಮಾರಿತನ. ಈ ಜಾತಕದಲ್ಲಿ ವೃತ್ತಿಯ ಏಳಿಗೆಯು ತನ್ನ ಪ್ರಯತ್ನದಿಂದ, ಪೈಪೋಟಿಯನ್ನು ಗೆದ್ದೇ ಬರಬೇಕು ಎಂದು ಯೋಗವೇ ಹೇಳುತ್ತಿದೆ.

ಐದನೆಯ ಹಂತ: ಬಲವನ್ನೂ ಭಂಗವನ್ನೂ ತೂಗುವುದು

ಉಚ್ಚ ಎಂಬ ಒಂದೇ ಶಬ್ದ ಸಾಲದು. 2014ರ ಗುರುವನ್ನೇ ಮತ್ತೆ ನೋಡಿ. ಗುರುವಿನ ಪರಮೋಚ್ಚ ಬಿಂದು ಕಟಕದ 5ನೆಯ ಡಿಗ್ರಿ. ಆ ವರ್ಷ ಜುಲೈ ಎರಡನೆಯ ವಾರದಲ್ಲಿ ಗುರು ಅಲ್ಲಿಗೆ ತಲುಪುವಾಗ ರವಿಯು ಅವನಿಂದ ಹತ್ತು ಡಿಗ್ರಿಗಿಂತ ಕಡಿಮೆ ಅಂತರದಲ್ಲಿದ್ದನು. ರವಿಯಿಂದ 11 ಡಿಗ್ರಿಯೊಳಗೆ ಬಂದ ಗುರುವನ್ನು ಅಸ್ತಂಗತನೆನ್ನುತ್ತಾರೆ. ಜುಲೈ 24ರಂದು ಇಬ್ಬರ ಯುತಿಯೇ ಆಯಿತು. ಅಂದರೆ ಉಚ್ಚದ ತುತ್ತತುದಿಯಲ್ಲಿರುವಾಗಲೇ ಗುರು ಆಕಾಶದಲ್ಲಿ ಕಣ್ಣಿಗೆ ಕಾಣುತ್ತಿರಲಿಲ್ಲ. ಆ ದಿನಗಳ ಹಂಸಯೋಗವನ್ನೂ ಸೆಪ್ಟೆಂಬರಿನ ಹಂಸಯೋಗವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಪ್ರತಿ ರಾಶಿಯನ್ನು ಒಂಬತ್ತು ಭಾಗ ಮಾಡಿ ಹಾಕುವ ನವಾಂಶ ಕುಂಡಲಿಯನ್ನು ತಪ್ಪದೆ ನೋಡಬೇಕು. ಕಟಕದ ಮೊದಲ 3 ಡಿಗ್ರಿ 20 ಕಲೆಗಳಲ್ಲಿರುವ ಗುರು ನವಾಂಶದಲ್ಲೂ ಕಟಕದಲ್ಲೇ ಇದ್ದು ವರ್ಗೋತ್ತಮನಾಗುತ್ತಾನೆ. ಅದೇ ಕಟಕದ 20 ಡಿಗ್ರಿಯಿಂದ 23 ಡಿಗ್ರಿ 20 ಕಲೆಗಳ ನಡುವೆ ಇದ್ದರೆ ನವಾಂಶದಲ್ಲಿ ಮಕರಕ್ಕೆ ಹೋಗಿ ನೀಚನಾಗುತ್ತಾನೆ. ರಾಶಿಯಲ್ಲಿ ಉಚ್ಚ, ನವಾಂಶದಲ್ಲಿ ನೀಚನಾದ ಗ್ರಹ ಆರಂಭದಲ್ಲಿ ದೊಡ್ಡ ಭರವಸೆ ತೋರಿಸಿ ಕೊನೆಗೆ ಕೈಬಿಡುತ್ತದೆ ಎಂಬುದು ಅನುಭವಿಗಳ ಮಾತು.

ಇದಲ್ಲದೆ ಅಷ್ಟಕವರ್ಗ ಎಂಬ ಅಂಕಪದ್ಧತಿಯಲ್ಲಿ ಆ ಭಾವಕ್ಕೆ ಎಷ್ಟು ಬಿಂದುಗಳಿವೆ ಎಂದು ನೋಡಿ. ಸರ್ವಾಷ್ಟಕವರ್ಗದ ಒಟ್ಟು ಬಿಂದುಗಳು 337, ಒಂದು ಭಾವದ ಸರಾಸರಿ ಸುಮಾರು 28. ಯೋಗವಿರುವ ಭಾವ ಇದಕ್ಕಿಂತ ಬಹಳ ಕೆಳಗಿದ್ದರೆ ಫಲಕ್ಕೆ ಹೆಚ್ಚು ಶ್ರಮ ಬೇಕೆಂದು ಟಿಪ್ಪಣಿ ಮಾಡಿಕೊಳ್ಳಿ. ಗ್ರಹದ ಆರು ಬಗೆಯ ಬಲಗಳಾದ ಷಡ್ಬಲದ ಅಂಕಿಗಳನ್ನು ತಂತ್ರಾಂಶವೇ ಕೊಡುತ್ತದೆ. ಅವುಗಳಲ್ಲಿ ದಿಗ್ಬಲವನ್ನು (ದಿಕ್ಕಿನಿಂದ ಬರುವ ಬಲವನ್ನು) ಮಾತ್ರ ಕೈಯಿಂದಲೇ ನೋಡಬಹುದು: ಬುಧ ಮತ್ತು ಗುರು ಲಗ್ನದಲ್ಲಿ, ಚಂದ್ರ ಮತ್ತು ಶುಕ್ರ ನಾಲ್ಕರಲ್ಲಿ, ಶನಿ ಏಳರಲ್ಲಿ, ರವಿ ಮತ್ತು ಕುಜ ಹತ್ತರಲ್ಲಿ ದಿಗ್ಬಲ ಪಡೆಯುತ್ತಾರೆ.

ಆರನೆಯ ಹಂತ: ದಶೆ ಯಾವಾಗ ಬರುತ್ತದೆ ಎಂದು ಕಾಲವನ್ನು ಗುರುತಿಸುವುದು

ಜನ್ಮನಕ್ಷತ್ರದಿಂದ ಆರಂಭಿಸಿ ಆಯುಸ್ಸನ್ನು ಗ್ರಹಗಳ ದಶೆಗಳಾಗಿ (ಅವಧಿಗಳಾಗಿ) ಹಂಚುವ ವಿಂಶೋತ್ತರಿ ಪದ್ಧತಿಯಲ್ಲಿ ಒಟ್ಟು 120 ವರ್ಷ: ಕೇತು 7, ಶುಕ್ರ 20, ರವಿ 6, ಚಂದ್ರ 10, ಕುಜ 7, ರಾಹು 18, ಗುರು 16, ಶನಿ 19, ಬುಧ 17. ಯೋಗವನ್ನು ಉಂಟುಮಾಡುವ ಗ್ರಹದ ದಶೆಯಲ್ಲಿ ಅಥವಾ ಭುಕ್ತಿಯಲ್ಲಿ (ದಶೆಯೊಳಗಿನ ಉಪ ಅವಧಿಯಲ್ಲಿ) ಯೋಗ ಫಲ ಕೊಡಬೇಕು ಎಂಬುದು ನಿಯಮ.

ಹಂಸಯೋಗವಿರುವ ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬರು ಅಶ್ವಿನಿ ನಕ್ಷತ್ರದ ಆರಂಭದಲ್ಲಿ ಹುಟ್ಟಿದವರು, ಅಂದರೆ ಕೇತುದಶೆಯಿಂದ ಆರಂಭಿಸುವವರು. ಕೇತುವಿನಿಂದ ರಾಹುವಿನವರೆಗಿನ ವರ್ಷಗಳನ್ನು ಕೂಡಿದರೆ ಅವರಿಗೆ ಗುರುದಶೆ ಬರುವುದು 68ನೆಯ ವಯಸ್ಸಿಗೆ. ಇನ್ನೊಬ್ಬರು ಸ್ವಾತಿ ನಕ್ಷತ್ರದ ಕೊನೆಯಲ್ಲಿ, ರಾಹುದಶೆ ಮುಗಿಯುತ್ತಿರುವಾಗ, ಹುಟ್ಟಿದವರು. ಅವರಿಗೆ ಹಾಲು ಕುಡಿಯುವ ವಯಸ್ಸಿನಲ್ಲೇ ಗುರುದಶೆ ಆರಂಭವಾಗಿ, ಓದು ಮುಗಿಯುವ ಮುಂಚೆಯೇ ಮುಗಿದುಹೋಗುತ್ತದೆ. ಮಹಾದಶೆಗಾಗಿ ಕಾಯುವುದೇ ಜೀವನವಾದರೆ ಮೊದಲನೆಯವರಿಗೆ ತೀರಾ ತಡ, ಎರಡನೆಯವರಿಗೆ ತೀರಾ ಬೇಗ.

ಆದ್ದರಿಂದ ಭುಕ್ತಿಗಳನ್ನು ಬಳಸಬೇಕು. ಪ್ರತಿಯೊಂದು ಮಹಾದಶೆಯಲ್ಲೂ ಗುರುಭುಕ್ತಿ ಇದೆ. ಮಹಾದಶೆಯ ವರ್ಷಗಳನ್ನು ಭುಕ್ತಿನಾಥನ ವರ್ಷಗಳಿಂದ ಗುಣಿಸಿ 120ರಿಂದ ಭಾಗಿಸಿದರೆ ಅದರ ಅವಧಿ ಸಿಗುತ್ತದೆ. ಶುಕ್ರದಶೆಯಲ್ಲಿ ಗುರುಭುಕ್ತಿ 20 ಗುಣಿಸು 16 ಭಾಗಿಸು 120, ಅಂದರೆ 2 ವರ್ಷ 8 ತಿಂಗಳು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ನಿಮ್ಮ ಯೋಗಕಾರಕ ಗ್ರಹದ ಭುಕ್ತಿಗಳು ಯಾವಾಗ ಬರುತ್ತವೆ ಎಂದು ತಿಂಗಳ ಸಮೇತ ಬರೆದಿಡಿ. ಗೋಚಾರವನ್ನು (ಗ್ರಹಗಳ ಆಯಾ ಕಾಲದ ಸಂಚಾರವನ್ನು) ಇದರ ಮೇಲೆ ಇಟ್ಟು ನೋಡಬಹುದು, ಆದರೆ ಅದನ್ನೇ ಮುಖ್ಯ ಮಾಡಬೇಡಿ.

ಏಳನೆಯ ಹಂತ: ಪ್ರಯತ್ನಕ್ಕೆ ಶಾಸ್ತ್ರವೇ ಕೊಟ್ಟಿರುವ ಸ್ಥಾನವನ್ನು ಓದುವುದು

ದೈವ ಮತ್ತು ಪುರುಷಕಾರ (ಸ್ವಪ್ರಯತ್ನ) ಒಂದಕ್ಕೊಂದು ವಿರೋಧಿಗಳೆಂಬ ಕಲ್ಪನೆ ನಮ್ಮ ಪರಂಪರೆಯದ್ದಲ್ಲ. ಭಗವದ್ಗೀತೆಯ 18ನೆಯ ಅಧ್ಯಾಯವು ಯಾವುದೇ ಕರ್ಮ ಸಿದ್ಧಿಸಲು ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ದೈವಕ್ಕೆ ಅಲ್ಲಿ ಸ್ಥಾನವಿದೆ, ಆದರೆ ಅದು ಐದರಲ್ಲಿ ಒಂದು. ಕರ್ಮವನ್ನು ಸಂಚಿತ (ಕೂಡಿಟ್ಟದ್ದು), ಪ್ರಾರಬ್ಧ (ಈಗ ಫಲ ಕೊಡುತ್ತಿರುವುದು), ಆಗಾಮಿ (ಮುಂದೆ ಫಲ ಕೊಡುವುದು) ಎಂದು ವಿಂಗಡಿಸುವಾಗಲೂ ಜಾತಕ ತೋರಿಸುವುದು ಪ್ರಾರಬ್ಧವನ್ನು. ಇಂದು ಮಾಡುವ ಕರ್ಮ ನಮ್ಮ ಕೈಯಲ್ಲೇ ಉಳಿದಿದೆ. ಪ್ರಾರಬ್ಧದಲ್ಲೂ ದೃಢ, ಅದೃಢ, ದೃಢಾದೃಢ ಎಂಬ ಭೇದವಿದ್ದು, ಮೊದಲನೆಯದನ್ನು ಬಿಟ್ಟು ಉಳಿದವು ಪ್ರಯತ್ನಕ್ಕೆ ಬಗ್ಗುತ್ತವೆ ಎಂಬ ನಂಬಿಕೆಯ ಮೇಲೆಯೇ ಪರಿಹಾರಶಾಸ್ತ್ರ ನಿಂತಿದೆ.

ಕುಂಡಲಿಯಲ್ಲಿ ಪ್ರಯತ್ನದ ಮನೆ ಮೂರನೆಯದು. ಧೈರ್ಯ, ಕೈಗಳು, ಬರಹ, ಮುನ್ನುಗ್ಗುವ ಗುಣ ಇವೆಲ್ಲ ಅಲ್ಲಿ ಬರುತ್ತವೆ. ಅದರ ಜೊತೆ 6, 10, 11 ಸೇರಿ ಉಪಚಯ ಸ್ಥಾನಗಳಾಗುತ್ತವೆ. ಉಪಚಯವೆಂದರೆ ಕಾಲ ಕಳೆದಂತೆ ಬೆಳೆಯುವುದು. ಕುಜ, ಶನಿ, ರಾಹುಗಳಂಥ ಪಾಪಗ್ರಹಗಳು ಕೂಡ ಇಲ್ಲಿ ಒಳ್ಳೆಯ ಫಲ ಕೊಡುತ್ತವೆ ಎಂದು ಶಾಸ್ತ್ರ ಒಪ್ಪುತ್ತದೆ. ಮೂರನೆಯ ಅಧಿಪತಿ ಎಲ್ಲಿದ್ದಾನೆ, ಅವನಿಗೂ ಯೋಗಕಾರಕನಿಗೂ ಯುತಿ ಅಥವಾ ದೃಷ್ಟಿಯ ಸಂಬಂಧವಿದೆಯೇ ಎಂದು ಪರೀಕ್ಷಿಸಿ. ಸಂಬಂಧವಿದ್ದರೆ ಯೋಗಕ್ಕೆ ಸ್ವಂತ ಶ್ರಮವೇ ದ್ವಾರ. ಸಂಬಂಧವಿಲ್ಲದೆ ಮೂರನೆಯ ಭಾವ ದುರ್ಬಲವಾಗಿದ್ದರೆ ಅವಕಾಶಗಳು ಬಂದರೂ ಕೈಚಾಚಲು ಹಿಂಜರಿಯುವ ಸ್ವಭಾವವಿರಬಹುದು. ಅಂಥವರು ಒಬ್ಬರೇ ಸಂಕಲ್ಪ ಮಾಡಿ ಬಿಡುವ ಬದಲು ಮಾರ್ಗದರ್ಶಕರೊಂದಿಗೆ, ತಂಡದೊಂದಿಗೆ, ಮುಗಿಸಬೇಕಾದ ದಿನಾಂಕವನ್ನು ಇನ್ನೊಬ್ಬರಿಗೆ ತಿಳಿಸಿ ಕೆಲಸ ಮಾಡುವುದು ಒಳ್ಳೆಯದು.

ಎಂಟನೆಯ ಹಂತ: ಯೋಗವನ್ನು ಮಾಡಬೇಕಾದ ಕೆಲಸವಾಗಿ ಬರೆಯುವುದು

ಒಂದು ಪುಸ್ತಕ ತೆಗೆದುಕೊಂಡು ಪ್ರತಿ ಯೋಗಕ್ಕೆ ಒಂದು ಪುಟ ಮೀಸಲಿಡಿ. ಯೋಗದ ಲಕ್ಷಣ, ಗ್ರಹದ ಆಧಿಪತ್ಯ, ಬಲ ಮತ್ತು ಭಂಗ, ಮುಂದಿನ ಭುಕ್ತಿಯ ಆರಂಭ ಮತ್ತು ಅಂತ್ಯ, ಇವು ಮೇಲ್ಭಾಗದಲ್ಲಿರಲಿ. ಕೆಳಗೆ ಆ ಗ್ರಹದ ಕಾರಕತ್ವಕ್ಕೆ (ಅದು ಸೂಚಿಸುವ ವಿಷಯಗಳಿಗೆ) ಹೊಂದುವ, ಅಳೆಯಲು ಬರುವ ಕೆಲಸವನ್ನು ಬರೆಯಿರಿ. ಶನಿಯ ಯೋಗಕ್ಕೆ ದೀರ್ಘಕಾಲ ಬಿಡದೆ ಮಾಡುವ ಕೆಲಸ ಬೇಕು: ದಿನನಿತ್ಯದ ವೇಳಾಪಟ್ಟಿ, ಸಾಲ ತೀರಿಸುವ ಯೋಜನೆ, ಕೆಳಗಿನವರ ಕಷ್ಟ ನೋಡಿಕೊಳ್ಳುವ ಹೊಣೆ. ಗುರುವಿನದಕ್ಕೆ ಅಧ್ಯಯನ ಮತ್ತು ಬೋಧನೆ, ಬುಧನದಕ್ಕೆ ಬರಹ ಮತ್ತು ಲೆಕ್ಕ, ಕುಜನದಕ್ಕೆ ದೇಹಬಲ ಮತ್ತು ಯಂತ್ರಕೌಶಲ, ಶುಕ್ರನದಕ್ಕೆ ಕಲೆ ಮತ್ತು ಸಂಬಂಧಗಳ ಪಾಲನೆ.

ಮೇಲೆ ಹೇಳಿದ ತುಲಾ ಲಗ್ನದ ಜಾತಕಕ್ಕೆ ಹೀಗೆ ಬರೆಯುತ್ತೇನೆ: ‘ಮೂರು ಮತ್ತು ಆರರ ಅಧಿಪತಿ ಹತ್ತರಲ್ಲಿ ಉಚ್ಚ. ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಯನ್ನು ಗುರುಭುಕ್ತಿಗೆ ಎರಡು ವರ್ಷ ಮೊದಲೇ ಆರಂಭಿಸಬೇಕು. ವಾರಕ್ಕೊಂದು ಪ್ರಬಂಧ ಬರೆದು ತಿದ್ದಿಸಿಕೊಳ್ಳಬೇಕು. ಭುಕ್ತಿ ನಡೆಯುವಾಗ ಅರ್ಜಿ ಹಾಕಲು ಹಿಂಜರಿಯಬಾರದು.’ ಭುಕ್ತಿ ಆರಂಭವಾದ ಮೇಲೆ ತಯಾರಿ ಶುರುಮಾಡಿದರೆ ಅರ್ಧ ಕಾಲ ತಯಾರಿಗೇ ಹೋಗುತ್ತದೆ. ಭುಕ್ತಿಗೆ ಮುಂಚಿನ ಕಾಲ ಕಲಿಯಲು, ಭುಕ್ತಿಯ ಕಾಲ ಕಲಿತದ್ದನ್ನು ಜನರ ಮುಂದಿಡಲು ಎಂದು ಇಟ್ಟುಕೊಳ್ಳಿ.

ಪರಿಹಾರಗಳನ್ನೂ ಇದೇ ಪುಟದಲ್ಲಿ ಬರೆಯಬಹುದು. ಜಪ, ದಾನ, ವ್ರತಗಳು ಮಾಡುವವನ ಶಿಸ್ತನ್ನು ಬೆಳೆಸುವಷ್ಟರ ಮಟ್ಟಿಗೆ ಅವೂ ಪುರುಷಕಾರವೇ. ಹಣ ಕೊಟ್ಟು ಇನ್ನೊಬ್ಬರಿಂದ ಮಾಡಿಸಿ ಮರೆತುಬಿಡುವ ಪರಿಹಾರದಲ್ಲಿ ಆ ಗುಣ ಉಳಿಯುವುದಿಲ್ಲ. ಚಂದ್ರನ ಎರಡೂ ಪಕ್ಕದ ರಾಶಿಗಳು ಖಾಲಿಯಿದ್ದಾಗ ಹೇಳುವ ಕೇಮದ್ರುಮದಂಥ ದೋಷ ತೋರಿಸಿ ಹೆದರಿಸುವವರು ಅದರ ಭಂಗವನ್ನು ಹೇಳಿದ್ದಾರೆಯೇ ಎಂದು ನೀವೇ ನೋಡಿ. ಚಂದ್ರನಿಂದ ಅಥವಾ ಲಗ್ನದಿಂದ ಕೇಂದ್ರದಲ್ಲಿ ಗ್ರಹವಿದ್ದರೆ ಆ ದೋಷ ಭಂಗವಾಗುತ್ತದೆಂಬ ನಿಯಮ ಅದರ ಜೊತೆಗೇ ಇದೆ. ಹೆಸರಿಸಬಹುದಾದ ಯಾವ ಯೋಗವೂ ಕಾಣದ ಜಾತಕವಿದ್ದರೆ ಲಗ್ನಾಧಿಪತಿ ಮತ್ತು ಉಪಚಯ ಭಾವಗಳಲ್ಲಿ ಹೆಚ್ಚು ಬಲವಿರುವ ಒಂದನ್ನು ಆರಿಸಿಕೊಂಡು ಇದೇ ಪುಟವನ್ನು ಬರೆಯಬೇಕು.

ಒಂದು ಮಿತಿಯನ್ನು ಮುಚ್ಚಿಡದೆ ಹೇಳಬೇಕು. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಪ್ರತಿಭಾವಂತ ಮಕ್ಕಳ ಜಾತಕಗಳನ್ನೂ ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನೂ ಬೆರೆಸಿ ಕೊಟ್ಟಾಗ, ಉತ್ತರಿಸಿದ 27 ಜ್ಯೋತಿಷಿಗಳ ಸರಾಸರಿ ಯಶಸ್ಸು ನಾಣ್ಯ ಚಿಮ್ಮುವುದಕ್ಕಿಂತ ಮೇಲೇರಲಿಲ್ಲ. ಜ್ಯೋತಿಷವನ್ನು ಪ್ರೀತಿಸುವವರು ಈ ಫಲಿತಾಂಶವನ್ನು ತಳ್ಳಿಹಾಕದೆ ಎದುರಿಗಿಟ್ಟುಕೊಳ್ಳಬೇಕು. ಚಿಕಿತ್ಸೆ, ನ್ಯಾಯಾಲಯದ ವ್ಯವಹಾರ, ದೊಡ್ಡ ಹಣಹೂಡಿಕೆಗಳನ್ನು ಯೋಗದ ಭರವಸೆಯ ಮೇಲೆ ನಿರ್ಧರಿಸುವುದು ಸರಿಯಲ್ಲ. ಪುಟದ ಕೆಳಭಾಗದಲ್ಲಿ ಬರೆದ ಕೆಲಸವು, ಮೇಲ್ಭಾಗದ ಲೆಕ್ಕ ಪೂರ್ತಿ ತಪ್ಪಾಗಿದ್ದರೂ, ಮಾಡಿದವರಿಗೆ ಉಪಯೋಗ ಕೊಡುವಂಥದ್ದೇ ಆಗಿರಬೇಕು. ಕೆಲಸವನ್ನು ಆರಿಸುವಾಗ ಇದೊಂದೇ ಪರೀಕ್ಷೆ ಸಾಕು.

ಭುಕ್ತಿ ಮುಗಿದ ತಿಂಗಳಲ್ಲಿ ಆ ಪುಟಕ್ಕೆ ಮರಳಿ, ಮಾಡಿದ ಕೆಲಸವನ್ನು ಒಂದು ಕಡೆ, ಬಂದ ಫಲವನ್ನು ಇನ್ನೊಂದು ಕಡೆ ಬರೆಯಿರಿ. ಕೆಲಸ ಮಾಡಿಯೂ ಫಲ ಬಾರದಿದ್ದರೆ ಬಲಾಬಲದ ಲೆಕ್ಕವನ್ನು ಐದನೆಯ ಹಂತದಿಂದ ಮತ್ತೆ ನೋಡಿ. ಕೆಲಸವನ್ನೇ ಮಾಡಿರದಿದ್ದರೆ ಯೋಗದ ಬಗ್ಗೆ ಏನನ್ನೂ ತೀರ್ಮಾನಿಸದೆ, ಅದೇ ಗ್ರಹದ ಮುಂದಿನ ಸೂಕ್ಷ್ಮ ಅವಧಿಯ (ಭುಕ್ತಿಯೊಳಗಿನ ಇನ್ನೂ ಚಿಕ್ಕ ಕಾಲದ) ದಿನಾಂಕವನ್ನು ಬರೆದು, ಅದೇ ಕೆಲಸವನ್ನು ಹೊಸ ಪುಟಕ್ಕೆ ವರ್ಗಾಯಿಸಿ.